ಮೂರನೇ ಸಿಲಿಂಡರ್ ಯಾಕೆ ಮಿಸ್ ಹೊಡೆಯುತ್ತಿತ್ತು? ಮನೆಯಲ್ಲೇ ಇಗ್ನಿಷನ್ ಕಾಯಿಲ್ ಬದಲಿಸಿದ ಒಂದು ಪ್ರಕರಣ

ಗಾಡಿ ನನ್ನ ಭಾವನದು. 2016ರ ಮಾಡೆಲ್, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಬತ್ತು ಸಾವಿರ ಕಿಲೋಮೀಟರ್ ದಾಟಿತ್ತು. ಕಂಪನಿ ಯಾವುದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಈ ಭಾಗದ ಜೋಡಣೆ ಹೆಚ್ಚುಕಡಿಮೆ ಒಂದೇ: ಪ್ರತಿ ಸ್ಪಾರ್ಕ್ ಪ್ಲಗ್ಗಿನ ತಲೆ ಮೇಲೆ ಅದಕ್ಕೆ ಕಿಡಿಯ ಕರೆಂಟು ಕೊಡುವ ಒಂದೊಂದು ಕಾಯಿಲ್, ಅದನ್ನು ಹಿಡಿದಿಡಲು ಒಂದೇ ಬೋಲ್ಟು.

ಭಾವ ತೀರ್ಥಹಳ್ಳಿಯವರು, ಕೆಲಸದ ಮೇಲೆ ಆಗಾಗ ಉಡುಪಿಗೆ ಹೋಗಿ ಬರುತ್ತಾರೆ. ಆಗುಂಬೆ ಘಾಟಿ ಇಳಿಯುವಾಗ ಗಾಡಿಗೆ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಸೋಮೇಶ್ವರ ದಾಟಿ ಏರು ಶುರುವಾದರೆ ಕಥೆ ಬೇರೆ. ಹದಿನಾಲ್ಕು ತಿರುವಿನ ಆ ಏರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ರೇಸ್ ಕೊಟ್ಟ ಕೂಡಲೇ ಜರ್ಕ್. ಪಿಕಪ್ ಇಲ್ಲ. ಚೆಕ್ ಇಂಜಿನ್ ಲೈಟ್ ಮಿಣುಕಲು ಶುರು. ಮೇಲೆ ಆಗುಂಬೆಯ ಸಮತಟ್ಟು ರಸ್ತೆಗೆ ಬಂದರೆ ಮಿಣುಕುವುದು ನಿಂತು ಲೈಟ್ ಹಾಗೇ ಉರಿಯುತ್ತಾ ಇರುತ್ತಿತ್ತು. ಮನೆ ಮುಂದೆ ನಿಲ್ಲಿಸಿ ಐಡ್ಲಿಂಗ್ ಕೇಳಿದರೆ ಸದ್ದು ಸರಿಯಾಗೇ ಇತ್ತು.

ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ್ದರು. ಮೂರನೇ ಸಿಲಿಂಡರ್ ಮಿಸ್‌ಫೈರ್ ಎಂದು ಬಂತು, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂದೂ ಅದೇ ಸ್ಕ್ಯಾನರ್ ತೋರಿಸಿತು. ಎಸ್ಟಿಮೇಟಿನಲ್ಲಿ ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ಭಾಗ) ಕ್ಲೀನಿಂಗೂ ಇತ್ತು, ನಾಲ್ಕು ಕಾಯಿಲೂ ಇತ್ತು.

‘ಇಂಜೆಕ್ಟರೋ ಕಾಯಿಲೋ, ಒಂದು ಹೇಳು ಮಾರಾಯಾ. ಎರಡಕ್ಕೂ ಸುಮ್ನೆ ದುಡ್ಡು ಸುರಿಯೋಕಾಗಲ್ಲ’ ಅಂದರು ಭಾವ.

‘ನೋಡದೆ ಹೇಳೋಕಾಗಲ್ಲ ಭಾವ. ಗಾಡಿ ಇಲ್ಲಿ ಬಿಟ್ಟು ಹೋಗಿ. ಇಲ್ಲಿಗೆ ತರುವಾಗ ಲೈಟ್ ಮಿಣುಕಿದರೆ ಆಕ್ಸಿಲರೇಟರ್ ಬಿಟ್ಟುಬಿಡಿ, ಒತ್ತಬೇಡಿ.’

ಆ ಕೊನೆಯ ಮಾತು ಸುಮ್ನೆ ಹೇಳಿದ್ದಲ್ಲ. ಚೆಕ್ ಇಂಜಿನ್ ಲೈಟ್ ಸ್ಥಿರವಾಗಿ ಉರಿದರೆ ‘ನೋಡಿಸಿ’ ಎಂದರ್ಥ. ಮಿಣುಕಿದರೆ ‘ಈಗಲೇ ನಿಧಾನ ಮಾಡಿ’ ಎಂದರ್ಥ. ಸ್ಪಾರ್ಕ್ ಬಾರದ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ. ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೊದಲೇ ಕೆಂಡದಷ್ಟು ಬಿಸಿ ಇರುತ್ತದೆ. ಪೆಟ್ರೋಲ್ ಅಲ್ಲಿ ಹೋಗಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಒಳಗಿನ ಸೆರಾಮಿಕ್ ಜಾಲರಿ ಆ ಶಾಖಕ್ಕೆ ಕರಗಿ ಕಟ್ಟಿಕೊಳ್ಳಬಹುದು. ಕಾಯಿಲಿನ ಬೆಲೆ ಅದರ ಮುಂದೆ ಏನೇನೂ ಅಲ್ಲ.

ಘಾಟಿಯಲ್ಲೇ ಯಾಕೆ?

ಕಾಯಿಲ್ ಅಂದರೆ ಪುಟ್ಟ ಟ್ರಾನ್ಸ್‌ಫಾರ್ಮರ್. ಕಬ್ಬಿಣದ ತಿರುಳಿನ ಸುತ್ತ ಎರಡು ಬೇರೆ ಬೇರೆ ತಂತಿಗಳನ್ನು ಸುತ್ತಿರುತ್ತಾರೆ. ಒಂದು ದಪ್ಪದ್ದು, ಇನ್ನೊಂದು ತೀರಾ ಸಣ್ಣದು. ಸಣ್ಣ ತಂತಿಯ ಸುತ್ತುಗಳು ದಪ್ಪ ತಂತಿಯದಕ್ಕಿಂತ ಸುಮಾರು ನೂರು ಪಟ್ಟು ಜಾಸ್ತಿ. ಬ್ಯಾಟರಿಯ 12 ವೋಲ್ಟ್ ದಪ್ಪ ತಂತಿಗೆ ಹೋಗುತ್ತದೆ. ಸರಿಯಾದ ಕ್ಷಣಕ್ಕೆ ಆ ಕರೆಂಟನ್ನು ಫಕ್ಕನೆ ಕಡಿದರೆ ಸಣ್ಣ ತಂತಿಯಲ್ಲಿ 20 ಸಾವಿರ ವೋಲ್ಟಿಗೂ ಮೇಲೆ ಏಳುತ್ತದೆ. ಅದು ಪ್ಲಗ್ಗಿನ ತುದಿಯ ಒಂದು ಮಿಲಿಮೀಟರ್ ಆಸುಪಾಸಿನ ಗ್ಯಾಪನ್ನು ಹಾರಬೇಕು. ಇಂಜಿನ್ 3000 ಆರ್‌ಪಿಎಂನಲ್ಲಿ ಇದ್ದರೆ ಪ್ರತಿ ಕಾಯಿಲ್ ಸೆಕೆಂಡಿಗೆ 25 ಸಲ ಈ ಕೆಲಸ ಮಾಡುತ್ತದೆ.

ಗಾಳಿ ಒತ್ತಿದಷ್ಟೂ ಸ್ಪಾರ್ಕ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗಿನಲ್ಲಿ ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ. ಸೋತ ಕಾಯಿಲ್ ಕೂಡ ಅಲ್ಲಿ ಹೇಗೋ ನಿಭಾಯಿಸುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ ಬರುತ್ತದೆ. ಆಗ ಪಕ್ಕದಲ್ಲಿ ಬಿರುಕೋ, ಕೊಳೆಯೋ, ಯಾವುದೇ ಸುಲಭದ ದಾರಿ ಸಿಕ್ಕರೆ ಕರೆಂಟು ಅಲ್ಲಿಂದಲೇ ಇಂಜಿನ್ ಬಾಡಿಗೆ ಹಾರಿಬಿಡುತ್ತದೆ. ಜೊತೆಗೆ ಬಿಸಿ ಬೇರೆ. ಕಾಯಿಲ್ ಬಿಸಿಯಾದಾಗ ಒಳಗಿನ ಸಣ್ಣ ಬಿರುಕು ಬಾಯಿ ಬಿಡುತ್ತದೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಗ್ಯಾರೇಜ್ ಮುಂದೆ ನಿಂತ ಗಾಡಿ ಚೆನ್ನಾಗಿರುವುದು, ಘಾಟಿಯಲ್ಲಿ ಕೈಕೊಡುವುದು ಇದಕ್ಕೇ.

ಹಳೇ ಸ್ಕೂಟರಿನ ಅಭ್ಯಾಸದಲ್ಲಿ ಕೆಲವರು ಪ್ಲಗ್ ಬಿಚ್ಚಿ, ಬಾಡಿಗೆ ತಾಗಿಸಿ, ಸೆಲ್ಫ್ ಹೊಡೆದು ಸ್ಪಾರ್ಕ್ ನೋಡುತ್ತಾರೆ. ಈ ಇಂಜಿನ್‌ಗಳಲ್ಲಿ ಅದು ಬೇಡ. ಹೊರಗಿನ ಗಾಳಿಯಲ್ಲಿ ಸೋತ ಕಾಯಿಲೂ ನೀಲಿ ಕಿಡಿ ಕೊಟ್ಟು ಮೋಸ ಮಾಡುತ್ತದೆ. ಪ್ಲಗ್ ಬಾಡಿಗೆ ಸರಿಯಾಗಿ ತಾಗದಿದ್ದರೆ ಆ ವೋಲ್ಟೇಜಿಗೆ ಹೋಗಲು ದಾರಿ ಇಲ್ಲದೆ ಕಾಯಿಲೇ ಸುಡಬಹುದು. ನಮ್ಮ ಕೈಗೂ ಹೊಡೆಯಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಚಾಲೂ ಇಂಜಿನ್ನಿನ ಕಾಯಿಲ್ ಹತ್ತಿರ ಕೈ ಹಾಕಲೇಬಾರದು.

ಸಿಲಿಂಡರಿಗೊಂದು ಕಾಯಿಲ್ ಅನ್ನುವುದು ಹೊಸ ಯೋಚನೆ ಏನಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್ ಇದ್ದವು, ಮರದ ಪೆಟ್ಟಿಗೆಯೊಳಗೆ. ಆಮೇಲೆ ಒಂದೇ ಕಾಯಿಲ್ ಇಟ್ಟು ಡಿಸ್ಟ್ರಿಬ್ಯೂಟರ್‌ನಿಂದ ಎಲ್ಲಾ ಪ್ಲಗ್ಗಿಗೂ ಹಂಚುವ ಕಾಲ ಬಂತು. ಅಂಬಾಸಿಡರ್, ಪದ್ಮಿನಿ, ಕಾರ್ಬೊರೇಟರಿನ ಮಾರುತಿ 800 ಎಲ್ಲ ಆ ಜಾತಿ. ಅವುಗಳಲ್ಲಿ ಕಾಯಿಲ್ ಹೋದರೆ ಗಾಡಿ ನಿಂತೇ ಹೋಗುತ್ತಿತ್ತು. ಈಗಿನದು ಮೂರು ಸಿಲಿಂಡರಿನಲ್ಲೇ ಎಳೆದುಕೊಂಡು ಬರುತ್ತದೆ. ಹಾಗಾಗಿಯೇ ಜನ ಲೈಟ್ ಮಿಣುಕುತ್ತಿದ್ದರೂ ಓಡಿಸುತ್ತಲೇ ಇರುತ್ತಾರೆ.

ಸ್ಕ್ಯಾನರ್ ಹೇಳಿದ್ದು ಎಷ್ಟು?

ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿ-2, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ, ಕಡ್ಡಾಯ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಫೋನಿನ ಆ್ಯಪ್‌ನಲ್ಲಿ ಕೋಡ್ ಓದಬಹುದು. ಬಂದದ್ದು ಪಿ0303. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಟೈಮಿಂಗ್ ಚೈನ್ ಇರುವ ಬದಿಯಿಂದ ಎಣಿಸಿದರೆ ಮೂರನೆಯದು.

ಈ ಕೋಡ್ ಕಾಯಿಲನ್ನು ನೋಡಿ ಬರುವುದಲ್ಲ. ಕ್ರ್ಯಾಂಕ್ ಸೆನ್ಸರ್ ಇಂಜಿನ್ ತಿರುಗುವ ವೇಗವನ್ನು ಅಳೆಯುತ್ತಿರುತ್ತದೆ. ಮೂರನೇ ಸಿಲಿಂಡರ್ ಉರಿದು ತಳ್ಳಬೇಕಾದ ಹೊತ್ತಿಗೆ ಕ್ರ್ಯಾಂಕ್ ಸ್ವಲ್ಪ ಹಿಂದೆ ಬಿದ್ದರೆ ‘ಇದು ಉರಿಯಲಿಲ್ಲ’ ಎಂದು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ಹಾಕುತ್ತದೆ. ಯಾಕೆ ಉರಿಯಲಿಲ್ಲ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕಾಯಿಲಿನ ವೈರಿಂಗ್ ಸರ್ಕ್ಯೂಟಿನಲ್ಲೇ ದೋಷ ಕಂಡರೆ ಪಿ0351ರಿಂದ ಪಿ0354ರವರೆಗಿನ ಕೋಡ್ ಬರಬೇಕು. ಅದು ಬಂದಿರಲಿಲ್ಲ.

ಕೋಡಿನ ಜೊತೆಗೇ ಫ್ರೀಜ್ ಫ್ರೇಮ್ ಇರುತ್ತದೆ. ದೋಷ ಸಿಕ್ಕ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಎಂಬ ದಾಖಲೆ ಅದು. ಅದರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗಿತ್ತು, ಆರ್‌ಪಿಎಂ ಎರಡು ಸಾವಿರ ಚಿಲ್ಲರೆ, ಲೋಡ್ ಮಾತ್ರ ಬಹಳ ಜಾಸ್ತಿ. ಅಂದರೆ ಘಾಟಿ ಏರುವ ಹೊತ್ತು. ಭಾವ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು. ಬ್ಯಾಟರಿ ಬಿಚ್ಚಿದರೆ ಅಥವಾ ಕೋಡ್ ಅಳಿಸಿದರೆ ಈ ದಾಖಲೆಯೂ ಹೋಗುತ್ತದೆ. ಮೊದಲು ಫೋಟೊ ಹೊಡೆದು ಇಟ್ಟುಕೊಳ್ಳಬೇಕು.

ಇನ್ನು ಆ ‘ಲೀನ್’ ವಿಚಾರ. ಗ್ಯಾರೇಜಿನವರು ಇಂಜೆಕ್ಟರ್ ಕಡೆ ತಿರುಗಿದ್ದು ಇದನ್ನು ನೋಡಿಯೇ. ಆದರೆ ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಕ್ಸಿಜನ್ನನ್ನು ಅಳೆಯುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಆಕ್ಸಿಜನ್ ಪೂರ್ತಿ ಹಾಗೇ ಹೊರಗೆ ಬರುತ್ತದೆ. ಸೆನ್ಸರ್ ಅದನ್ನು ನೋಡಿ ‘ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ’ ಅನ್ನುತ್ತದೆ. ಇಸಿಯು ಅದನ್ನು ನಂಬಿ ನಾಲ್ಕೂ ಸಿಲಿಂಡರಿಗೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮಿಸ್‌ಫೈರ್ ಜೊತೆ ಬಂದ ‘ಲೀನ್’ ಅನ್ನು ನೋಡಿ ಇಂಜೆಕ್ಟರನ್ನು ದೂರುವುದು ಅವಸರದ ತೀರ್ಮಾನ ಅಂತ ನನ್ನ ಅಭಿಪ್ರಾಯ.

ಮಲೆನಾಡಿನ ಮನೆಗಳಲ್ಲಿ ಬಾನೆಟ್ ತೆಗೆದ ಕೂಡಲೇ ನೋಡಬೇಕಾದ ಇನ್ನೊಂದು ಇದೆ, ಇಲಿ. ಕಾಯಿಲಿಗೆ ಹೋಗುವ ವೈರನ್ನು ಕೊನೆಯವರೆಗೂ ಬೆರಳಲ್ಲಿ ಸವರಿ ನೋಡಿದೆ, ಎಲ್ಲೂ ಕಡಿದಿರಲಿಲ್ಲ. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಮಲ್ಟಿಮೀಟರ್ ಇಟ್ಟೆ. ಬ್ಯಾಟರಿಯ ವೋಲ್ಟೇಜ್ ಸರಿಯಾಗಿ ಬರುತ್ತಿತ್ತು. ಕಾಯಿಲಿನ ಓಮ್ ಅಳೆಯುವ ಗೋಜಿಗೆ ಹೋಗಲಿಲ್ಲ. ಈ ಕಾಯಿಲಿನೊಳಗೆ ಎಲೆಕ್ಟ್ರಾನಿಕ್ ಸ್ವಿಚ್ ಸೇರಿಯೇ ಇರುವುದರಿಂದ ಹೊರಗಿನ ಪಿನ್ನಿನಲ್ಲಿ ಸುತ್ತುಗಳ ಸರಿಯಾದ ಅಳತೆ ಸಿಗುವುದಿಲ್ಲ.

ಅದಲುಬದಲು

ಕಾಯಿಲ್ ಹೋಗಿದೆಯಾ ಎಂದು ತಿಳಿಯಲು ಖರ್ಚಿಲ್ಲದ ದಾರಿ ಒಂದಿದೆ. ಮೂರರ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಹಾಕುವುದು. ಕೋಡ್ ಅಳಿಸಿ ಮತ್ತೆ ಏರು ಹತ್ತಿಸುವುದು. ಪಿ0302 ಬಂದರೆ ದೋಷ ಕಾಯಿಲಿನ ಜೊತೆ ಹೋಯಿತು ಎಂದರ್ಥ. ಮತ್ತೆ ಪಿ0303 ಬಂದರೆ ದೋಷ ಅಲ್ಲೇ ಕೂತಿದೆ. ಆಗ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಬೇಕು.

ಇಂಜಿನ್ ಪೂರ್ತಿ ಆರಿದ ಮೇಲೆ ಕೀ ತೆಗೆದು ಕೆಲಸ ಶುರು. ಕನೆಕ್ಟರಿನ ಪ್ಲಾಸ್ಟಿಕ್ ಲಾಕು ಇಷ್ಟು ವರ್ಷದ ಶಾಖಕ್ಕೆ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಎಳೆಯುವ ಮೊದಲು ಕನೆಕ್ಟರನ್ನು ಸ್ವಲ್ಪ ಒಳಕ್ಕೆ ಒತ್ತಬೇಕು, ಆಮೇಲೆ ಲಾಕ್ ಅದುಮಿ ಬಿಡಿಸಬೇಕು. 10 ಎಂಎಂ ಸಾಕೆಟ್‌ನಲ್ಲಿ ಬೋಲ್ಟು ಬಿಚ್ಚಿ, ಕಾಯಿಲನ್ನು ಎಡಕ್ಕೂ ಬಲಕ್ಕೂ ಒಂಚೂರು ತಿರುಗಿಸಿದರೆ ಅದರ ತುದಿಯ ರಬ್ಬರ್ ಬೂಟು (ಪ್ಲಗ್ಗಿನ ತಲೆ ಮುಚ್ಚುವ ಕೊಳವೆ) ಪ್ಲಗ್ಗಿನ ಹಿಡಿತ ಬಿಡುತ್ತದೆ. ಆಮೇಲೆ ನೇರ ಮೇಲಕ್ಕೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಬಾರದು, ಮುರಿಯುತ್ತದೆ.

ಮೂರನೆಯದು ಮೇಲೆ ಬಂದಾಗ ಅದರ ಬೂಟಿನ ತುದಿ ಎಣ್ಣೆಯಲ್ಲಿ ಮಿಂದಿತ್ತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಗುಂಡಿಯ ತಳದಲ್ಲಿ ಇಂಜಿನ್ ಆಯಿಲ್ ನಿಂತಿತ್ತು. ಉಳಿದ ಮೂರೂ ಒಣ. ಸದ್ಯಕ್ಕೆ ಬೂಟು ಒರೆಸಿ ಅದಲುಬದಲು ಮಾಡಿ, ಊರ ಹೊರಗಿನ ಏರಿಗೆ ಒಯ್ದೆ. ಸ್ವಲ್ಪವೇ ದೂರ. ಕನ್ವರ್ಟರ್ ಸುಡುವಷ್ಟು ಪರೀಕ್ಷೆ ಬೇಡ ಅಲ್ವಾ?

ಒಂದು ಕೋಡ್ ನಿರೀಕ್ಷಿಸಿದ್ದೆ, ಎರಡು ಬಂದವು. ಪಿ0302 ಬಂತು. ಇನ್ನೂ ಖಚಿತವಾಗದ ಕೋಡುಗಳ ಪೆಂಡಿಂಗ್ ಪಟ್ಟಿಯಲ್ಲಿ ಪಿ0303 ಕೂಡ ಕೂತಿತ್ತು. ಎರಡನೇ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ತುಂಬಾ ಜಾಸ್ತಿ, ಮೂರನೆಯದು ಕಡಿಮೆ.

ಇಲ್ಲಿ ‘ಕಾಯಿಲ್ ಹೋಗಿದೆ, ಸಾಬೀತಾಯ್ತು’ ಎಂದು ಅಂಗಡಿಗೆ ಓಡಬಹುದಿತ್ತು. ಬರೀ ಕಾಯಿಲ್ ಕೆಟ್ಟಿದ್ದರೆ ಒಳ್ಳೆ ಕಾಯಿಲ್ ಸಿಕ್ಕ ಮೂರನೇ ಸಿಲಿಂಡರ್ ಪೂರ್ತಿ ಸರಿಯಾಗಬೇಕಿತ್ತು. ಬರೀ ಪ್ಲಗ್ಗೋ ಇಂಜೆಕ್ಟರೋ ಆಗಿದ್ದರೆ ಎರಡನೆಯದಕ್ಕೆ ಏನೂ ಆಗಬಾರದಿತ್ತು. ಎರಡೂ ಬಂದಿವೆ ಅಂದರೆ ದೋಷದ ಒಂದು ಪಾಲು ಕಾಯಿಲ್ ಜೊತೆ ಹೋಗಿದೆ, ಇನ್ನೊಂದು ಪಾಲು ಮೂರರಲ್ಲೇ ಉಳಿದಿದೆ.

ಗೆರೆ

ಪ್ಲಗ್ ಬಿಚ್ಚುವ ಮೊದಲು ಗುಂಡಿಯ ಆಯಿಲ್ ತೆಗೆಯಬೇಕು. ಇಲ್ಲದಿದ್ದರೆ ಅದೂ, ಅದರ ಜೊತೆಯ ಮಣ್ಣೂ ಸಿಲಿಂಡರಿನೊಳಗೆ ಬೀಳುತ್ತದೆ. ಔಷಧಿ ಅಂಗಡಿಯ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ ಎಳೆದೆ. ಉಳಿದದ್ದನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದೆ. ಒಣ ಗುಂಡಿಗಳಿಗೆ ಸೈಕಲ್ ಪಂಪಿನ ಗಾಳಿ ಸಾಕಾಯಿತು.

ನಾಲ್ಕೂ ಪ್ಲಗ್ಗನ್ನು ಸಾಲಾಗಿ ಇಟ್ಟಾಗ ವಿಷಯ ಕಣ್ಣಿಗೇ ಕಾಣುತ್ತಿತ್ತು. ಮೂರನೆಯದರ ತುದಿ ಕಪ್ಪಾಗಿ ಹಸಿಯಾಗಿತ್ತು. ಮೂಗಿಗೆ ಹಿಡಿದರೆ ಪೆಟ್ರೋಲ್. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಇಂಜೆಕ್ಟರ್ ಅಲ್ಲಿಗೆ ಖುಲಾಸೆ. ಬಿಳಿ ಸೆರಾಮಿಕ್ ಭಾಗವನ್ನು ಒರೆಸಿ ಬೆಳಕಿಗೆ ಹಿಡಿದೆ. ಮೇಲಿನ ಟರ್ಮಿನಲ್‌ನಿಂದ ಕೆಳಗಿನ ಲೋಹದವರೆಗೆ ಒಂದು ಸಣ್ಣ ಕಪ್ಪು ಗೆರೆ, ಸ್ವಲ್ಪ ವಕ್ರವಾಗಿ ಇಳಿದಿತ್ತು. ಉಗುರಲ್ಲಿ ಉಜ್ಜಿದರೆ ಹೋಗಲಿಲ್ಲ. ಕರೆಂಟು ಪ್ಲಗ್ಗಿನ ಒಳಗಿಂದ ಹೋಗದೆ ಹೊರಮೈ ಮೇಲೆ ಹರಿದು ಸುಟ್ಟ ಗುರುತು ಅದು. ಕೆಳಗಿನ ಲೋಹದ ಅಂಚಿನಲ್ಲಿ ಸುತ್ತಲೂ ಕಂದು ಬಣ್ಣ ಇದ್ದರೆ ಹೆದರಬೇಕಾಗಿಲ್ಲ, ಅದು ಸಾಮಾನ್ಯ. ಗೆರೆ ಇಳಿದಿದ್ದರೆ ಮಾತ್ರ ಪ್ಲಗ್ ಕಸಕ್ಕೆ.

ಆಮೇಲೆ, ಹೊಸ ಕಾಯಿಲ್ ಬಂದ ಮೇಲೆ, ಹಳೆಯದರ ಬೂಟನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಒಳಮೈಯಲ್ಲಿ ಅದೇ ವಕ್ರದ ಬೂದು ಗೆರೆ. ರಬ್ಬರು ಅಲ್ಲಿ ಊದಿಕೊಂಡು ಮೆತ್ತಗಾಗಿತ್ತು. ಎರಡು ಕೋಡ್ ಬಂದದ್ದು ಯಾಕೆ ಎಂಬುದಕ್ಕೆ ಉತ್ತರ ಇದೇ. ಗೆರೆ ಎರಡು ಕಡೆ ಇತ್ತು. ಬೂಟಿನ ಗೆರೆ ಕಾಯಿಲ್ ಜೊತೆ ಎರಡನೇ ಸಿಲಿಂಡರಿಗೆ ಹೋಯಿತು, ಪ್ಲಗ್ಗಿನ ಗೆರೆ ಮೂರರಲ್ಲೇ ಉಳಿಯಿತು. ಹೊಸ ಕಾಯಿಲನ್ನು ಹಳೇ ಪ್ಲಗ್ಗಿನ ಮೇಲೆ ಕೂರಿಸಿದ್ದರೆ ಆ ಪ್ಲಗ್ ಹೊಸ ಬೂಟನ್ನೂ ಸುಡುತ್ತಿತ್ತು. ‘ಹೊಸ ಕಾಯಿಲ್ ಹಾಕಿಸಿದೆ, ಕೆಲವೇ ತಿಂಗಳಲ್ಲಿ ಮತ್ತೆ ಹೋಯ್ತು, ಡುಪ್ಲಿಕೇಟ್ ಮಾಲು’ ಎಂದು ಬೈಯುವವರ ಪೈಕಿ ಕೆಲವರ ಕಥೆ ಹೀಗೇ ಇರಬಹುದು.

ಗ್ಯಾಪೂ ನೋಡಿದೆ. ಇರಬೇಕಾದದ್ದು 1.1 ಮಿಲಿಮೀಟರ್ ಒಳಗೆ. ಗ್ಯಾಪ್ ಅಳೆಯುವ ಫೀಲರ್ ಗೇಜಿನ 1.3ರ ಎಲೆ ನಾಲ್ಕರಲ್ಲೂ ಸಲೀಸಾಗಿ ಹೋಯಿತು. ಪ್ಲಗ್ ಸವೆದಷ್ಟೂ ಗ್ಯಾಪ್ ಜಾಸ್ತಿ, ಗ್ಯಾಪ್ ಜಾಸ್ತಿಯಾದಷ್ಟೂ ಕಾಯಿಲ್ ಮೇಲೆ ಭಾರ. ಪ್ಲಗ್ ಬದಲಿಸಿದ್ದು ಯಾವಾಗ ಎಂದು ಭಾವನನ್ನು ಕೇಳಿದೆ. ‘ಸರ್ವೀಸಲ್ಲಿ ಮಾಡಿರ್ತಾರಲ್ಲ?’ ಅಂದರು. ಬಿಲ್ಲುಗಳಲ್ಲಿ ಎಲ್ಲೂ ಇರಲಿಲ್ಲ.

ಆಯಿಲ್ ಬಂದದ್ದು ಎಲ್ಲಿಂದ?

ಇಂಜಿನ್ ಆಯಿಲ್ ವಿದ್ಯುತ್ತನ್ನು ಹರಿಸುವುದಿಲ್ಲ. ಹಾಗಾಗಿ ಗುಂಡಿಯಲ್ಲಿ ಆಯಿಲ್ ಕಂಡ ಕೂಡಲೇ ‘ಶಾರ್ಟ್ ಆಗಿದೆ’ ಅನ್ನುವುದು ಸರಿಯಲ್ಲ. ಅದು ಮಾಡುವ ಹಾಳು ನಿಧಾನದ್ದು. ಬೂಟಿನ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಮಸಿಯನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೂಟು ಪ್ಲಗ್ಗಿಗೆ ಬಿಗಿಯಾಗಿ ಕೂರದಿದ್ದರೆ ಕರೆಂಟಿಗೆ ದಾರಿ ಸಿಕ್ಕಿತು.

ಆಯಿಲ್ ಬರುವುದು ಟ್ಯಾಪೆಟ್ ಕವರಿನಿಂದ, ಅಂದರೆ ಇಂಜಿನ್ನಿನ ತಲೆ ಮೇಲಿನ ಮುಚ್ಚಳದಿಂದ. ಪ್ಲಗ್ ಗುಂಡಿಗಳು ಆ ಕವರಿನ ಮಧ್ಯದಿಂದಲೇ ಹಾದು ಹೋಗುತ್ತವೆ. ಪ್ರತಿ ಗುಂಡಿಯ ಸುತ್ತ ಒಂದು ರಬ್ಬರ್ ಸೀಲು ಇರುತ್ತದೆ. ವರ್ಷಗಳ ಶಾಖಕ್ಕೆ ಅದು ಗಟ್ಟಿಯಾಗಿ ಆಯಿಲ್ ಬಿಡುತ್ತದೆ. ಕವರ್ ಎತ್ತಿ ನೋಡಿದರೆ ಮೂರರ ಸೀಲು ಪ್ಲಾಸ್ಟಿಕ್ ಆಗಿಹೋಗಿತ್ತು. ಪಿಸಿವಿ ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲುಗಾಡಿಸಿದರೆ ಟಕಟಕ ಅನ್ನಬೇಕು, ಅನ್ನಲಿಲ್ಲ. ಅದು ಕಟ್ಟಿಕೊಂಡರೆ ಇಂಜಿನ್ನಿನೊಳಗಿನ ಹಬೆ ಹೊರಗೆ ಹೋಗಲಾರದೆ ಸೀಲುಗಳನ್ನೇ ತಳ್ಳುತ್ತದೆ. ಅದನ್ನೂ ಬದಲಿಸಿದೆ.

ಸಾಮಾನು, ಜೋಡಣೆ

ಹಳೇ ಕಾಯಿಲಿನ ಮೇಲಿದ್ದ ಪಾರ್ಟ್ ನಂಬರನ್ನು ಫೋಟೊ ಹೊಡೆದು ಶಿವಮೊಗ್ಗದ ಒಂದು ಸ್ಪೇರ್ಸ್ ಅಂಗಡಿಯಿಂದ ತರಿಸಿದ್ದು. ‘ಈ ಮಾಡೆಲ್ ಗಾಡಿಗೆ ಕೊಡಿ’ ಅಂದರೆ ಸಾಲದು, ಒಂದೇ ಮಾಡೆಲ್ಲಿನಲ್ಲಿ ವರ್ಷಕ್ಕೊಂದು ಬಗೆ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಅರ್ಧ ಬೆಲೆಗೂ ಸಿಗಬಹುದು. ಆದರೆ ಕಾಯಿಲ್ ವಿಷಯದಲ್ಲಿ ನಾನು ಕಂಪನಿ ಮಾಲಿನ ಪರ.

ಒಂದು ಸಾಕೋ, ನಾಲ್ಕೂ ಬೇಕೋ? ನಾಲ್ಕೂ ಒಂದೇ ವಯಸ್ಸಿನವು, ಒಂದು ಹೋದರೆ ಉಳಿದವೂ ಸರತಿಯಲ್ಲಿವೆ ಎಂಬ ವಾದ ಇದೆ. ಕಾಯಿಲ್ ತಾನಾಗಿ ಮುದಿಯಾಗಿ ಹೋಗಿದ್ದರೆ ನಾನೂ ಒಪ್ಪುತ್ತಿದ್ದೆ. ಇಲ್ಲಿ ಕೊಂದದ್ದು ಆಯಿಲ್. ಉಳಿದ ಮೂರರ ಗುಂಡಿ ಒಣಗಿತ್ತು, ಬೂಟು ಗಟ್ಟಿಯಾಗಿತ್ತು. ಹಾಗಾಗಿ ಕಾಯಿಲ್ ಒಂದೇ, ಪ್ಲಗ್ ನಾಲ್ಕೂ, ಸೀಲು ಸಮೇತ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಒಂದು ಸೆಟ್.

ಮೊದಲು ಗ್ಯಾಸ್ಕೆಟ್. ಕವರ್ ಬೋಲ್ಟುಗಳನ್ನು ಮಧ್ಯದಿಂದ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಚೈನ್ ಕವರ್ ಸೇರುವ ಮೂಲೆಗಳಿಗೆ ಒಂದೊಂದು ಹನಿ ಸಿಲಿಕೋನ್ ಸೀಲೆಂಟ್. ಆಮೇಲೆ ಪ್ಲಗ್. ಅಲ್ಯುಮಿನಿಯಂ ಹೆಡ್ಡಿನಲ್ಲಿ ಥ್ರೆಡ್ ಹೋದರೆ ಸಾವಿರಗಳ ಮಾತು. ಅದಕ್ಕೇ ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಅದನ್ನು ಬೆರಳಲ್ಲಿ ತಿರುಗಿಸಿ ಕೂರಿಸುವುದು. ಥ್ರೆಡ್ ಅಡ್ಡ ಹತ್ತಿದರೆ ಪೈಪು ಜಾರುತ್ತದೆ, ಪ್ಲಗ್ ತಿರುಗುವುದಿಲ್ಲ. 14 ಎಂಎಂ ಥ್ರೆಡ್ಡಿನ, ವಾಷರ್ ಇರುವ ಪ್ಲಗ್ಗಿಗೆ ಅಲ್ಯುಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಕು. ಟಾರ್ಕ್ ರೆಂಚ್ ಇಲ್ಲದವರು ಹೊಸ ಪ್ಲಗ್ಗನ್ನು ಕೈಯಲ್ಲಿ ಪೂರ್ತಿ ಕೂರಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ಒಂಚೂರು ಜಾಸ್ತಿ ತಿರುಗಿಸಿದರೆ ಆಯಿತು. ಸಣ್ಣ ಥ್ರೆಡ್ಡಿನ ಪ್ಲಗ್ಗಿಗೆ ಇದಕ್ಕಿಂತ ಕಡಿಮೆ ಬಿಗಿ, ನಿಮ್ಮ ಗಾಡಿಯ ಮ್ಯಾನುಯಲ್ ನೋಡಿಕೊಳ್ಳಿ.

ಬೂಟಿನ ಒಳಬಾಯಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಸದ ಗ್ರೀಸ್) ತೆಳುವಾಗಿ ಸವರಿದೆ. ಒಳಗಿನ ಸ್ಪ್ರಿಂಗಿಗೆ ಬೇಡ. ಗಾಡಿಯ ಬೇರೆ ಭಾಗಗಳಿಗೆ ಹಾಕುವ ಮಾಮೂಲಿ ಗ್ರೀಸಂತೂ ಬೇಡವೇ ಬೇಡ, ಅದೂ ರಬ್ಬರನ್ನು ತಿನ್ನುತ್ತದೆ. ಕಾಯಿಲನ್ನು ಒತ್ತಿದರೆ ಟಪ್ ಎಂದು ಪ್ಲಗ್ ಮೇಲೆ ಕೂರುವುದು ಕೈಗೆ ಗೊತ್ತಾಗುತ್ತದೆ. ಬೋಲ್ಟು ಸಣ್ಣದು, 10 ನ್ಯೂಟನ್ ಮೀಟರ್ ದಾಟಬಾರದು. ಕನೆಕ್ಟರ್ ಕ್ಲಿಕ್ ಅನ್ನಬೇಕು. ಕಾಯಿಲ್ ಬದಲಿಸುವುದು ಅನ್ನುವ ಕೆಲಸ ನಿಜಕ್ಕೂ ಇಷ್ಟೇ.

ಆಮೇಲೆ

ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಬಂತು, ಒಳಗೆ ಇಳಿದಿದ್ದ ಆಯಿಲ್‌ನದು. ತುಸು ಹೊತ್ತಿಗೆ ನಿಂತಿತು. ಕೋಡ್ ಅಳಿಸಿ, ಭಾವನನ್ನೇ ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆಗೆ ಬೇಕೆಂದೇ ಸೆಕೆಂಡ್ ಗೇರಿನಲ್ಲಿ ರೇಸ್ ಕೊಟ್ಟು ಹತ್ತಿಸಿದೆ. ಫೋನಿನಲ್ಲಿ ನಾಲ್ಕೂ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಸೊನ್ನೆಯಲ್ಲೇ ಇತ್ತು. ಮುಂದಿನ ವಾರಗಳಲ್ಲಿ ‘ಲೀನ್’ ತೋರಿಸುತ್ತಿದ್ದ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಕೂಡ ತಾನಾಗಿ ಇಳಿಯಿತು, ಇಂಜೆಕ್ಟರನ್ನು ಮುಟ್ಟದೆಯೇ.

ಕೆಲಸ ಮುಗಿಯುವವರೆಗೂ ನನಗಿದ್ದ ಭಯ ಕನ್ವರ್ಟರಿನದು. ಅಷ್ಟು ಸಲ ಮಿಣುಕುವ ಲೈಟಿನಲ್ಲೇ ಭಾವ ಘಾಟಿ ಹತ್ತಿದ್ದರು. ಇದನ್ನೂ ಆ್ಯಪ್‌ನಲ್ಲೇ ನೋಡಬಹುದು. ಇಂಜಿನ್ ಬಿಸಿಯಾದ ಮೇಲೆ, ಹೊಗೆ ಕನ್ವರ್ಟರಿಗೆ ಹೋಗುವ ಮೊದಲು ಸಿಗುವ ಮುಂದಿನ ಆಕ್ಸಿಜನ್ ಸೆನ್ಸರ್ 0.1ಕ್ಕೂ 0.9 ವೋಲ್ಟಿಗೂ ಮಧ್ಯೆ ಕುಣಿಯುತ್ತಿರುತ್ತದೆ. ಕನ್ವರ್ಟರ್ ದಾಟಿದ ಮೇಲಿರುವ ಹಿಂದಿನದು 0.6–0.7ರ ಹತ್ತಿರ ಹೆಚ್ಚು ಅಲುಗಾಡದೆ ಇರಬೇಕು. ಅದೂ ಮುಂದಿನದರ ಜೊತೆ ಕುಣಿದರೆ ಕನ್ವರ್ಟರ್ ಸತ್ತಿದೆ. ಈ ಗಾಡಿಯಲ್ಲಿ ಹಿಂದಿನದು ಸಮನಾಗಿ ನಿಂತಿತ್ತು. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಈವರೆಗೆ ಬಂದಿಲ್ಲ. ಎಲ್ಲಾ ಸಾಮಾನಿನ ಖರ್ಚು ಸೇರಿಸಿದರೂ ಗ್ಯಾರೇಜಿನ ಎಸ್ಟಿಮೇಟಿನ ಅರ್ಧಕ್ಕೂ ಬರಲಿಲ್ಲ. ಆ ಎಸ್ಟಿಮೇಟಿನಲ್ಲಿ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಇರಲೇ ಇಲ್ಲ.